ರಸಮಂಜರಿಯ ಕೀಬೋರ್ಡು

ಆತ್ಮೀಯ ಕೇಳುಗರಿಗೆ ನಮಸ್ಕಾರ.

ವಿದ್ಯುನ್ಮಾನ ಸಂಗೀತ ಎಂದೊಡನೆ ಮಹಾನಗರಗಳನ್ನು ನೆನೆಯುವವರೇ ಹೆಚ್ಚು. ಕಾಸರಗೋಡಿನ ನಮಗೆ, ಕುಂಬಳೆ, ಬದಿಯಡ್ಕ, ಮುಳ್ಳೇರಿಯದ ಊರವರಿಗೆ, ಅದು ಕೇಳಿಸಿದ್ದು ಕೊಯ್ಲು ಮುಗಿದ ಗದ್ದೆಯಲ್ಲಿ, ಉತ್ಸವದ ಆಮಂತ್ರಣ ಪತ್ರಿಕೆಯ ಕೊನೆಯಲ್ಲಿ ‘ರಾತ್ರಿ ರಸಮಂಜರಿ’ ಎಂದು ಅಚ್ಚಾಗುತ್ತಿದ್ದ ಕಾರ್ಯಕ್ರಮದಲ್ಲಿ. ಜಪಾನಿನ ರೋಲ್ಯಾಂಡ್ ಕಂಪೆನಿ 1985ರಲ್ಲಿ ಆಕ್ಟೋಪ್ಯಾಡನ್ನು ಹೊರತಂದಿತು. ಎಂಟು ರಬ್ಬರು ಚೌಕಗಳ ಆ ಬಗೆಯ ಪ್ಯಾಡುಗಳು ನಮ್ಮ ತಂಡಗಳಿಗೂ ಬಂದ ಮೇಲೆ ಢೋಲಕ್, ತಬಲಾ, ಡ್ರಮ್ಸ್ ಮೂರೂ ಒಬ್ಬನೇ ವಾದಕನ ಎರಡು ಕೋಲುಗಳ ವಶವಾದವು. ಕೀಬೋರ್ಡು ನುಡಿಸುವವರಾದರೋ ಒಂದೇ ರಾತ್ರಿ ಕನ್ನಡ, ತುಳು, ಮಲಯಾಳದ ಹಾಡುಗಳಿಗೂ ಕೇರಳದ ಮುಸ್ಲಿಮರ ಮಾಪ್ಪಿಳ ಪಾಟ್ಟಿಗೂ ಒದಗಬೇಕಾಗಿತ್ತು. ಬಲಗೈ ಕೀಬೋರ್ಡಿನ ಮನೆಗಳ ಮೇಲಿರುವಾಗ ಎಡಗೈ ಹೆಬ್ಬೆರಳಿನಿಂದ, ಸ್ವರವನ್ನು ಏರಿಳಿಸುವ ಪಿಚ್ ಚಕ್ರವನ್ನು ತುಸುವೇ ಸರಿಸಿ ನಾಗಸ್ವರದ ಜಾರುಗಮಕವನ್ನು ಹೊರಡಿಸುತ್ತಿದ್ದವರೊಬ್ಬರನ್ನು ನಾನು ವೇದಿಕೆಯ ಪಕ್ಕದಲ್ಲಿ ನಿಂತು ನೋಡಿದ್ದೇನೆ. ಅದನ್ನು ನಕಲು ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

1969ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಅವರು, ವಿದ್ಯುತ್ತಿನಿಂದ ಸ್ವರ ಹುಟ್ಟಿಸುವ ಮೂಗ್ ಸಿಂಥಸೈಜರನ್ನು ಸ್ಥಾಪಿಸಿದರು. ಗೀತಾ ಸಾರಾಭಾಯಿ, ಅತುಲ್ ದೇಸಾಯಿ ಮೊದಲಾದವರು ಅಲ್ಲಿ ಮಾಡಿದ ಪ್ರಯೋಗಗಳ ಸುರುಳಿಗಳು ಆ ಸಂಸ್ಥೆಯಲ್ಲೇ ಉಳಿದಿದ್ದುದರಿಂದ, ದಶಕಗಳ ಬಳಿಕ ಬ್ರಿಟನ್ನಿನ ಕಲಾವಿದ ಪಾಲ್ ಪರ್ಗಸ್ ಅವರ ಕಣ್ಣಿಗೆ ಬಿದ್ದು, 2023ರಲ್ಲಿ ಆಲ್ಬಮ್ ಆಗಿ ಲೋಕಕ್ಕೆ ಕೇಳಿಸಿದವು. ನಮ್ಮ ರಸಮಂಜರಿಗಳಿಗೆ ಅಂಥ ಸಂಸ್ಥೆಯ ಆಸರೆ ಇಲ್ಲ. ಅವುಗಳ ಚರಿತ್ರೆ ಇರುವುದು ಮನೆಗಳ ಅಟ್ಟದಲ್ಲಿ, ಬಿಸ್ಕತ್ತಿನ ಡಬ್ಬಿಯೊಳಗಿನ ಕ್ಯಾಸೆಟ್ಟುಗಳಲ್ಲಿ.

ನಾಲ್ಕು ತಿಂಗಳ ಮಳೆಗಾಲದ ತೇವಕ್ಕೆ ಆ ಕ್ಯಾಸೆಟ್ಟುಗಳು ಬೂಸ್ಟು ಹಿಡಿಯುತ್ತವೆ. ನನ್ನ ಕೈಗೆ ಬಂದ ಒಂದು ಸುರುಳಿಯ ಅಂಚಿನಲ್ಲಿ ಅಕ್ಕಿಹಿಟ್ಟು ಉದುರಿಸಿದಂತೆ ಬಿಳಿ ಕಾಣುತ್ತಿತ್ತು. ಹೊದಿಕೆಯ ಚೀಟಿಯಲ್ಲಿ ಬಾಲ್‌ಪೆನ್ನಿನಿಂದ ‘ಜಾತ್ರೆ, ಎರಡನೇ ದಿನ’ ಎಂದಷ್ಟೇ ಬರೆದಿತ್ತು. ಅಂಥದ್ದನ್ನು ಒಡನೆಯೇ ಯಂತ್ರಕ್ಕೆ ಹಾಕಬಾರದು. ಪಟ್ಟಿ ಹರಿಯಬಹುದು, ಬೂಸ್ಟು ಯಂತ್ರಕ್ಕೂ ಅಲ್ಲಿಂದ ಬೇರೆ ಕ್ಯಾಸೆಟ್ಟುಗಳಿಗೂ ಹರಡಬಹುದು. ಬೇರೆಯಾಗಿಟ್ಟು, ತೇವವಿಲ್ಲದ ತಂಪು ಜಾಗದಲ್ಲಿ ಒಣಗಿಸಿ, ಮೃದುವಾಗಿ ಒರೆಸಿ, ಹಳೆಯ ಕವಚ ಕೆಟ್ಟಿದ್ದರೆ ಹೊಸ ಕವಚಕ್ಕೆ ವರ್ಗಾಯಿಸಿ, ಪಟ್ಟಿಯಿಂದ ಸದ್ದನ್ನು ಓದುವ ಹೆಡ್ಡಿನ ಓರೆಯನ್ನು ಆ ಮುದ್ರಣಕ್ಕೆ ಹೊಂದಿಸಿಕೊಂಡ ಮೇಲೆ 24 ಬಿಟ್, 96 ಕಿಲೋಹರ್ಟ್ಸ್‌ನ ಡಿಜಿಟಲ್ ಕಡತವಾಗಿ ಇಳಿಸಿಕೊಳ್ಳಬೇಕು.

ಆದರೆ ಸದ್ದೊಂದೇ ಸಾಲದು. ನುಡಿಸಿದವರನ್ನು ಕೂರಿಸಿ ಅದನ್ನು ಕೇಳಿಸಿ, ಯಾವ ಊರು, ಯಾವ ಕೀಬೋರ್ಡು, ಯಾವ ನಂಬರಿನ ಟೋನು, ಅದನ್ನು ಯಾರ ಸಾಲದಿಂದ ಕೊಂಡದ್ದು ಎಂಬುದನ್ನೆಲ್ಲ ಅವರ ಮಾತಿನಲ್ಲೇ ದಾಖಲಿಸಬೇಕು. ಅವರಲ್ಲಿ ಹಲವರಿಗೆ ಈಗ ವಯಸ್ಸಾಗಿದೆ.

ಇನ್ನೊಂದು ವಿನಂತಿ: ಹಾಡುಗಳ ನಡುವಿನ ಭಾಗವನ್ನು ದಯವಿಟ್ಟು ಕತ್ತರಿಸಬೇಡಿ. ನಾನು ಹೇಳಿದ ಆ ಕ್ಯಾಸೆಟ್ಟಿನಲ್ಲಿ ಒಂದು ಹಾಡು ಮುಗಿದೊಡನೆ ಜನರೇಟರಿನ ಸದ್ದು ಕೇಳುತ್ತದೆ, ತಪ್ಪಿಹೋದ ಮಗುವಿನ ತಾಯಿಯನ್ನು ಯಾರೋ ಮೈಕಿನಲ್ಲಿ ಮೊದಲು ತುಳುವಿನಲ್ಲಿ, ಮತ್ತೆ ಮಲಯಾಳದಲ್ಲಿ ಕರೆಯುತ್ತಾರೆ, ಅವರ ಹಿಂದೆ ಕೀಬೋರ್ಡಿನವರು ಮುಂದಿನ ಹಾಡಿನ ಶ್ರುತಿಯನ್ನು ಮೆಲ್ಲಗೆ ಹಿಡಿದಿರುತ್ತಾರೆ.

ನಮಸ್ಕಾರ.