ಕಲ್ಲಿನ ಕೊಡೆ, ನಾಯಿಯ ಕಲ್ಲು, ಗುಂಡಿಯ ಮೊಸಳೆ: ಬೆಂಗಳೂರಲ್ಲಿ ಒಂದು ಸುತ್ತು

ನಮಸ್ಕಾರ. ಬೆಂಗಳೂರಿನ ವಿಚಿತ್ರಗಳನ್ನು ನೋಡಬೇಕು ಅನ್ನುವವರಿಗೆ ನಾನು ಮೊದಲು ಹೇಳುವ ಜಾಗ ಗವಿಪುರ. ಇವತ್ತು ಇಲ್ಲಿಂದ ಹೊರಟು ಉತ್ತರದ ಕಡೆ ಹೋಗೋಣ. ದಾರಿಯಲ್ಲಿ ಹೋಗುವವರನ್ನು ನಿಲ್ಲಿಸಬೇಕು ಅಂತಲೇ ಯಾರೋ ಮಾಡಿಟ್ಟ ವಸ್ತುಗಳನ್ನು ನೋಡೋಣ.

ಇದು ಗವಿಗಂಗಾಧರೇಶ್ವರ ದೇವಸ್ಥಾನದ ಅಂಗಳ. ಕಂಬದ ಮೇಲಿರುವ ಆ ಎರಡು ದೊಡ್ಡ ದುಂಡು ಕಲ್ಲುಗಳನ್ನು ನೋಡಿ. ಒಂದು ಸೂರ್ಯಪಾನ, ಇನ್ನೊಂದು ಚಂದ್ರಪಾನ. ಜೊತೆಗೆ ತ್ರಿಶೂಲ, ಡಮರು. ಅವೂ ಕಲ್ಲಿನವೇ. ಶಿವ ಕೈಯಲ್ಲಿ ಹಿಡಿಯುವುದನ್ನೆಲ್ಲ ಆಳೆತ್ತರಕ್ಕಿಂತ ದೊಡ್ಡದು ಮಾಡಿ ಬಯಲಲ್ಲಿ ನಿಲ್ಲಿಸಿದ್ದಾರೆ. ಮಕರ ಸಂಕ್ರಾಂತಿಯ ಸಂಜೆ ಬಿಸಿಲು ನಂದಿಯ ಕೊಂಬುಗಳ ನಡುವೆ ತೂರಿ ಲಿಂಗವನ್ನು ಮುಟ್ಟುತ್ತದೆ. ಅವತ್ತು ಇಲ್ಲಿ ಕಾಲಿಡಲೂ ಜಾಗ ಇರುವುದಿಲ್ಲ.

ಆದರೆ ನೀವು ಬೇರೆ ದಿನ ಬನ್ನಿ, ಸಮಾಧಾನವಾಗಿ ಅಗ್ನಿಯ ಮೂರ್ತಿಯನ್ನು ನೋಡಿ. ಒಳಗೆ ಕ್ಯಾಮೆರಾ ಆಫ್ ಮಾಡಿದ್ದೇನೆ, ಬಾಯಲ್ಲೇ ಹೇಳುತ್ತೇನೆ. ಎರಡು ತಲೆ, ಏಳು ಕೈ, ಮೂರು ಕಾಲು. ಎಣಿಸಿದ ಮೇಲೆ ಇನ್ನೊಂದು ಸಲ ಎಣಿಸಬೇಕು ಅನಿಸುತ್ತದೆ. ಇದು ಶಿಲ್ಪಿ ಸುಮ್ನೆ ಕಲ್ಪಿಸಿಕೊಂಡದ್ದಲ್ಲ. ಋಗ್ವೇದದ ನಾಲ್ಕನೇ ಮಂಡಲದ ಒಂದು ಮಂತ್ರದಲ್ಲಿ ಮೂರು ಕಾಲು, ಎರಡು ತಲೆ, ಏಳು ಕೈ ಅಂತಲೇ ಬರುತ್ತದೆ. ಬಾಯಲ್ಲಿ ಹೇಳಲು ಸುಲಭ. ಅದನ್ನು ಕಲ್ಲಲ್ಲಿ ಕೂರಿಸುವುದಿದೆಯಲ್ಲ, ಮೂರನೇ ಕಾಲನ್ನು ಎಲ್ಲಿ ಇಡಬೇಕು, ಏಳನೇ ಕೈ ಯಾವ ಕಡೆ ಹೋಗಬೇಕು, ಆ ಕಷ್ಟವನ್ನು ಗೆದ್ದವರ ಮೇಲೆ ನನಗೆ ತುಂಬಾ ಗೌರವ. ಕಣ್ಣಿನ ತೊಂದರೆ ಇರುವವರು ಈ ಮೂರ್ತಿಗೆ ಹರಕೆ ಹೊರುತ್ತಾರೆ.

ಇಲ್ಲೇ ಹತ್ತಿರದಲ್ಲಿ ಹರಿಹರ ಗುಡ್ಡ. ಅಲ್ಲಿ ಬಯಲಲ್ಲಿ ಒಂದು ಕಲ್ಲಿನ ಕೊಡೆ ಇದೆ. ಕೋಲೂ ಕಲ್ಲು, ಮೇಲಿನ ಛತ್ರಿಯೂ ಕಲ್ಲು. ಎಷ್ಟೋ ಜನ ದಿನಾ ಇದರ ಪಕ್ಕದಲ್ಲೇ ವಾಕಿಂಗ್ ಮಾಡುತ್ತಾರೆ.

ಈಗ ಬಸ್ಸಲ್ಲಿದ್ದೇನೆ. ಕಿಟಕಿಯಾಚೆ ಗೋಡೆಗಳ ಮೇಲೆ ಅಲ್ಲಲ್ಲಿ ಬಣ್ಣ ಮಾಸಿದ ಹುಲಿ, ಜಲಪಾತ ಕಾಣುತ್ತಿವೆ ಅಲ್ವಾ? 2009ರ ಹೊತ್ತಿಗೆ ಬಿಬಿಎಂಪಿ ಊರಿನ ಗೋಡೆಗಳಿಗೆಲ್ಲ ಇಂಥ ಚಿತ್ರ ಬರೆಸಿತು. ಬರೆದವರಲ್ಲಿ ಸಿನಿಮಾ ಬ್ಯಾನರ್ ಕಲಾವಿದರೇ ಜಾಸ್ತಿ. ಫ್ಲೆಕ್ಸ್ ಬಂದ ಮೇಲೆ ಅವರಿಗೆ ಕೆಲಸ ಇರಲಿಲ್ಲ. ಹುಲಿಯ ಮುಖ ಸ್ವಲ್ಪ ಹೀರೋ ಥರ ಕಂಡರೆ ಕಾರಣ ಅದೇ.

ಕಸ್ತೂರ್ಬಾ ರಸ್ತೆ. ಈ ಕೆಂಪು ಕಟ್ಟಡ ಸರ್ಕಾರಿ ಮ್ಯೂಸಿಯಂ. ತೆರೆದಿರುವ ದಿನ ವಿಚಾರಿಸಿಕೊಂಡು ಬನ್ನಿ. ಒಂದು ಕಲ್ಲಿಗಾಗಿಯಾದರೂ ಬರಲೇಬೇಕು. ಅದು ಆತಕೂರು ಶಾಸನ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿಂದ ಬಂದದ್ದು, ಸುಮಾರು 949ನೇ ಇಸವಿಯದು. ಮೇಲ್ಗಡೆ ನಾಯಿಯೊಂದು ಕಾಡುಹಂದಿಯ ಜೊತೆ ಹೊಡೆದಾಡುತ್ತಿದೆ. ಆ ನಾಯಿಯ ಹೆಸರು ಕಾಳಿ.

ಈಗಿನ ತಮಿಳುನಾಡಿನ ತಕ್ಕೋಲದಲ್ಲಿ ಚೋಳರ ಮೇಲೆ ದೊಡ್ಡ ಯುದ್ಧ ನಡೆಯಿತು. ಗಂಗರ ರಾಜ ಬೂತುಗನ ಕಡೆ ಮಣಲೇರ ಅನ್ನುವ ವೀರ ಚೆನ್ನಾಗಿ ಕಾದಾಡಿದ. ಏನು ಬೇಕೋ ಕೇಳು ಅಂತ ಬೂತುಗ ಹೇಳಿದಾಗ ಅವನು ಕೇಳಿದ್ದು ಕಾಳಿಯನ್ನು. ಆಮೇಲೆ ಬೇಟೆಯಲ್ಲಿ ಆ ನಾಯಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟರು. ಎರಡೂ ಸತ್ತವು. ಕಾಳಿಯ ನೆನಪಿಗೆ ದೇವಸ್ಥಾನದ ಮುಂದೆ ಕಲ್ಲು ನಿಲ್ಲಿಸಿ, ಜಮೀನನ್ನೂ ಬಿಟ್ಟರು. ಈ ಕಲ್ಲಿಗೆ ಪೂಜೆ ಮಾಡದೆ ಉಂಡರೆ ಪೂಜಾರಿಗೆ ನಾಯಿಯ ಪಾಪ ತಟ್ಟುತ್ತದೆ ಅಂತ ಅದರಲ್ಲೇ ಬರೆಸಿದ್ದಾರೆ. ಚೋಳ ಯುವರಾಜ ರಾಜಾದಿತ್ಯ ಸತ್ತ ಯುದ್ಧದ ಸುದ್ದಿಯೂ ಇದೇ ಕಲ್ಲಲ್ಲಿದೆ. ಇತಿಹಾಸದ ಪುಸ್ತಕಗಳು ಅದನ್ನು ದೊಡ್ಡದಾಗಿ ಹೇಳುತ್ತವೆ. ನನ್ನ ಕಣ್ಣು ಮಾತ್ರ ಮತ್ತೆ ಮತ್ತೆ ಮೇಲಿನ ನಾಯಿಯ ಕಡೆಗೇ ಹೋಗುತ್ತದೆ.

ಮುಂದಿನ ನಿಲುಗಡೆ ಸುಲ್ತಾನ್‌ಪಾಳ್ಯ. ನೋಡಿ, ಇದು ಬರೀ ಟಾರು ರಸ್ತೆ. ಆದರೂ ನಿಮ್ಮನ್ನು ಇಲ್ಲಿಗೆ ಕರೆತರಬೇಕು ಅಂತಿತ್ತು. ಜೂನ್ 2015ರಲ್ಲಿ ಈ ಏರಿಯಾದ ರಸ್ತೆಯಲ್ಲಿ ನೀರು ತುಂಬಿದ ದೊಡ್ಡ ಗುಂಡಿ ಇತ್ತು. ಕಲಾವಿದ ಬಾದಲ್ ನಂಜುಂಡಸ್ವಾಮಿ ಗುಂಡಿಯ ನೀರನ್ನು ಹಸಿರು ಕೊಳದ ಹಾಗೆ ಮಾಡಿ ಅದರಲ್ಲಿ ಒಂದು ಮೊಸಳೆ ಬಿಟ್ಟರು. ಫೈಬರ್ ಮೊಸಳೆ, ನಿಜವಾದದ್ದರಷ್ಟೇ ದೊಡ್ಡದು, ತೂಕ ಸುಮಾರು 20 ಕೆ.ಜಿ. ಜನ ಸೇರಿದರು, ಫೋಟೊ ಎಲ್ಲ ಕಡೆ ಓಡಾಡಿತು, ಗುಂಡಿ ಮುಚ್ಚಿತು. ಮೈಸೂರಿನ ಕಾವಾ ಕಲಾ ಕಾಲೇಜಲ್ಲಿ ಓದಿದ ಇದೇ ಬಾದಲ್ 2019ರಲ್ಲಿ ಇನ್ನೊಂದು ರಸ್ತೆಯಲ್ಲಿ ಗಗನಯಾತ್ರಿಯ ಉಡುಪಿನ ನಟರೊಬ್ಬರನ್ನು ಗುಂಡಿಗಳ ನಡುವೆ ನಿಧಾನಕ್ಕೆ ನಡೆಸಿದರು. ಚಂದ್ರಯಾನ-2 ಇಳಿಯಬೇಕಿದ್ದ ಆ ದಿನಗಳಲ್ಲಿ ವಿಡಿಯೊ ನೋಡಿದವರಿಗೆ ಮೊದಲು ಚಂದ್ರನೇ ಕಂಡ. ಪಕ್ಕದಲ್ಲಿ ಆಟೋ ಹೋದಾಗ ನಮ್ಮ ರಸ್ತೆ ಅಂತ ಗೊತ್ತಾಯಿತು. ಉಳಿಯುವುದಕ್ಕಾಗಿ ಮಾಡದ ಕಲೆ ಇದು. ಸರಿಯಾದ ರಸ್ತೆ ಬಂತು ಅಂದರೆ ಅದರ ಕೆಲಸ ಮುಗಿಯಿತು. ನನಗೆ ಈ ಊರಲ್ಲಿ ಅತಿ ಇಷ್ಟದ ಕಲಾಕೃತಿ ಯಾವುದು ಅಂತ ಕೇಳಿದರೆ, ಈಗ ಇಲ್ಲದ ಆ ಮೊಸಳೆಯೇ.

ಇಲ್ಲಿಂದ ಹೆಬ್ಬಾಳ ದೂರ ಇಲ್ಲ. ಅಲ್ಲಿ 2018ರಲ್ಲಿ ಕಿತ್ತಯ್ಯ ಅನ್ನುವವನ ವೀರಗಲ್ಲು ಮತ್ತೆ ಬೆಳಕಿಗೆ ಬಂತು. ಸುಮಾರು 750ನೇ ಇಸವಿಯ ಕಲ್ಲು. ಊರಿನ ಮೇಲೆ ದಾಳಿಯಾದಾಗ ಹೋರಾಡಿ ಸತ್ತವನಿಗೆ ನಿಲ್ಲಿಸಿದ್ದು. ಬೆಂಗಳೂರಲ್ಲಿ ಸಿಕ್ಕಿರುವ ಕನ್ನಡ ಶಾಸನಗಳಲ್ಲಿ ತೀರಾ ಹಳೆಯವುಗಳಲ್ಲಿ ಇದೂ ಒಂದು. ಜನರೇ ಮುಂದೆ ನಿಂತು ಅದಕ್ಕೆ ಮಂಟಪ ಕಟ್ಟಿಸಿದರು.

ಇಂಥ ಕಲ್ಲುಗಳು ಊರೆಲ್ಲ ಇವೆ. ನಿಮ್ಮ ಬೀದಿಯಲ್ಲಿ, ಕೆರೆ ಏರಿ ಮೇಲೆ, ಹಳೇ ಗುಡಿಯ ಹಿಂದೆ ಕತ್ತಿ ಹಿಡಿದ ಮನುಷ್ಯನೋ ಹಳೆಗನ್ನಡದ ಸಾಲೋ ಕಂಡರೆ ಫೋಟೊ ತೆಗೆಯಿರಿ. ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿ ಅನ್ನುವ ಇತಿಹಾಸ ಸಂಸ್ಥೆಯವರು ಬೆಂಗಳೂರಿನ ಶಾಸನಗಳನ್ನು 3ಡಿ ಸ್ಕ್ಯಾನ್ ಮಾಡಿ ಉಳಿಸುತ್ತಿದ್ದಾರೆ, ಅವರಿಗೆ ತಿಳಿಸಿ. ಚೆನ್ನಾಗಿ ಕಾಣಲಿ ಅಂತ ಕಲ್ಲಿಗೆ ಪೇಂಟ್ ಮಾತ್ರ ಬಳಿಯಬೇಡಿ, ಅಕ್ಷರ ಮುಚ್ಚಿಹೋಗುತ್ತದೆ. ಜಾಗದ ಹೆಸರನ್ನು ಕೆಳಗೆ ಕಾಮೆಂಟಲ್ಲಿ ಬರೆಯಿರಿ, ಮುಂದಿನ ಸುತ್ತು ಅಲ್ಲಿಂದಲೇ ಶುರು ಮಾಡುತ್ತೇನೆ.