ವೇಗದ ವ್ಯಾಗನ್, ಹಿಂದಿನವರ ಬಾಕಿ

ಕೇಳುಗರೇ, ನಮಸ್ಕಾರ.

ಎಂಟು ವರ್ಷದಿಂದ ನಾನು ಒಂದೇ ಕಾರು ಓಡಿಸುತ್ತಿದ್ದೇನೆ. ಅದು ಸ್ಟೇಷನ್ ವ್ಯಾಗನ್. ಮುಂದಿನಿಂದ ನೋಡಿದರೆ ಮಾಮೂಲಿ ಸೆಡಾನ್. ಹಿಂದೆ ಮಾತ್ರ ಛಾವಣಿ ಇಳಿಯದೆ ಕೊನೆಯ ತನಕ ಹೋಗುತ್ತದೆ, ಅಲ್ಲೊಂದು ದೊಡ್ಡ ಬಾಗಿಲು. ಒಳಗೆ ಟರ್ಬೊ ಎಂಜಿನ್, ನಾಲ್ಕೂ ಚಕ್ರ ಎಳೆಯುತ್ತವೆ, ಸಸ್ಪೆನ್ಷನ್ ಸ್ವಲ್ಪ ಗಟ್ಟಿ. ಕೊಂಡಾಗ ಅದಕ್ಕೆ 9 ವರ್ಷ, 1,04,000 ಕಿಲೋಮೀಟರ್ ಓಡಿತ್ತು. ಹೋದ ತಿಂಗಳು ಮೀಟರ್ 2,08,000 ತೋರಿಸಿತು. ಅಂದರೆ ಅದರ ಆಯುಸ್ಸಿನ ಅರ್ಧ ಓಟ ನನ್ನ ಕೈಯಲ್ಲಿ ಆಗಿದೆ. ಅದನ್ನು ನೋಡಿದ ದಿನದಿಂದ ಈ ಕಾರಿನ ಬಗ್ಗೆ ನಾಲ್ಕು ಮಾತು ಹೇಳಬೇಕು ಅನ್ನಿಸುತ್ತಿತ್ತು.

ವ್ಯಾಗನ್ ಯಾಕೆ ಅಂತ ತುಂಬಾ ಜನ ಕೇಳುತ್ತಾರೆ. ಇದಕ್ಕೆ ನನಗೆ ಇಷ್ಟವಾದ ಒಂದು ಕಥೆ ಇದೆ, ನಡೆದ ಕಥೆ. 1980ರ ದಶಕದ ನಡುವೆ ಬಿಎಂಡಬ್ಲ್ಯು ಕಂಪನಿಯಲ್ಲಿ ಮ್ಯಾಕ್ಸ್ ರೈಸ್‌ಬೋಕ್ ಅಂತ ಒಬ್ಬ ಎಂಜಿನಿಯರ್ ಇದ್ದರು. ಸಂಸಾರಸ್ಥ. ಮಕ್ಕಳನ್ನು ಕರೆದುಕೊಂಡು ರಜೆಗೆ ಹೊರಟರೆ ಅವರ 3 ಸೀರೀಸ್ ಕಾರಿನಲ್ಲಿ ಸಾಮಾನಿಗೆ ಜಾಗವೇ ಇರುತ್ತಿರಲಿಲ್ಲ. ಅವರು ಅಪಘಾತದಲ್ಲಿ ಜಖಂ ಆದ ಒಂದು ಸೆಡಾನ್ ಕೊಂಡರು. ಸ್ನೇಹಿತರೊಬ್ಬರ ಗ್ಯಾರೇಜಿನಲ್ಲಿ ಅದನ್ನು ಕತ್ತರಿಸಿ, ಬೆಸೆದು, ತಾವೇ ವ್ಯಾಗನ್ ಮಾಡಿದರು. ಕಂಪನಿಯವರು ನೋಡಿ ಮೆಚ್ಚಿದರು. 1987ರಲ್ಲಿ ಅದೇ 3 ಸೀರೀಸ್ ಟೂರಿಂಗ್ ಅಂತ ಹೊರಬಂತು. ಅದೇ ಎಂಜಿನ್, ಅದೇ ಓಟ, ಹಿಂದೆ ಮಾತ್ರ ಜಾಗ. ಇದಕ್ಕಿಂತ ಚೆನ್ನಾಗಿ ಈ ತರಹದ ಕಾರನ್ನು ವಿವರಿಸಲು ನನಗೆ ಬರುವುದಿಲ್ಲ.

ಆಮೇಲೆ 1994 ಬಂತು. ಆ ವರ್ಷ ವೋಲ್ವೊದವರು ಬ್ರಿಟನ್ನಿನ ಟೂರಿಂಗ್ ಕಾರ್ ರೇಸಿಗೆ 850 ಎಸ್ಟೇಟ್ ಇಳಿಸಿದರು. ಎಸ್ಟೇಟ್ ಅಂದರೆ ಬ್ರಿಟಿಷರ ಮಾತಿನಲ್ಲಿ ವ್ಯಾಗನ್. ರಿಕಾರ್ಡ್ ರೈಡೆಲ್, ಯಾನ್ ಲ್ಯಾಮರ್ಸ್ ಇಬ್ಬರೂ ಆ ಉದ್ದನೆಯ ಕಾರುಗಳನ್ನು ಸೆಡಾನ್‌ಗಳ ಮಧ್ಯೆ ಓಡಿಸಿದರು. ಒಂದು ರೇಸೂ ಗೆಲ್ಲಲಿಲ್ಲ, ಆದರೆ ಆ ಚಿತ್ರ ನೋಡಿದವರು ಮರೆತಿಲ್ಲ. ಅದೇ ವರ್ಷ ಆಡಿಯವರು ಪೋರ್ಶೆ ಜೊತೆ ಸೇರಿ ಆರ್‌ಎಸ್2 ಅವಾಂಟ್ ಹೊರತಂದರು. 2.2 ಲೀಟರಿನ ಐದು ಸಿಲಿಂಡರ್ ಟರ್ಬೊ, 315 ಅಶ್ವಶಕ್ತಿ. ಹಿಂದೆ ನಾಯಿ ಕೂರಿಸಿಕೊಂಡು ಹೋಗಬಹುದಾದ ಕಾರಿನಲ್ಲಿ ಅಷ್ಟು ಬಲ!

ಸಾಮಾನು ಹಿಡಿಯುವುದಕ್ಕೆ ಎಸ್‌ಯುವಿ ಸಾಕಲ್ವಾ ಅಂದರೆ, ಸಾಕು. ಆದರೆ ಎಸ್‌ಯುವಿಯಲ್ಲಿ ಭಾರ ಮೇಲಿರುತ್ತದೆ, ತಿರುವಿನಲ್ಲಿ ಕಾರು ವಾಲುತ್ತದೆ. ವ್ಯಾಗನ್‌ನಲ್ಲಿ ಅಷ್ಟೇ ಸಾಮಾನು ನೆಲದ ಹತ್ತಿರ ಕೂರುತ್ತದೆ. ತುಂಬಿದ ಕಾರಿನಲ್ಲಿ ಒಂದು ಉದ್ದನೆಯ ತಿರುವು ತೆಗೆದುಕೊಂಡು ನೋಡಿ, ವ್ಯತ್ಯಾಸ ಗೊತ್ತಾಗುತ್ತದೆ.

ಈಗ ಅಸಲು ವಿಷಯಕ್ಕೆ ಬರುತ್ತೇನೆ. ಸೆಕೆಂಡ್ ಹ್ಯಾಂಡ್ ಕಾರು ಕೊಂಡಾಗ, ಅದರಲ್ಲೂ ಜೋರಾಗಿ ಓಡುವ ಕಾರು ಕೊಂಡಾಗ, ಕಾರಿನ ಜೊತೆಗೆ ಹಿಂದಿನವರು ಮಾಡದೆ ಬಿಟ್ಟ ಕೆಲಸವೂ ನಿಮ್ಮ ಮನೆಗೆ ಬರುತ್ತದೆ. ಅದು ಬಾಕಿ. ಯಾವ ಕಾಗದದಲ್ಲೂ ಬರೆದಿರುವುದಿಲ್ಲ. ಹೊಸದರಲ್ಲಿ ದುಬಾರಿ ಇದ್ದ ಕಾರು ಹಳತಾದಾಗ ಬೆಲೆ ಇಳಿಯುತ್ತದೆ, ಆದರೆ ಅದರ ಬಿಡಿಭಾಗಗಳ ಬೆಲೆ ಇಳಿಯುವುದಿಲ್ಲ. ಎರಡನೆಯ, ಮೂರನೆಯ ಮಾಲೀಕರು ಕಾರಿನ ಬೆಲೆ ನೋಡಿ ಕೊಂಡಿರುತ್ತಾರೆ, ಸರ್ವಿಸ್ ಬಿಲ್ ನೋಡಿ ಗಾಬರಿಯಾಗಿ ಕೆಲಸ ಮುಂದೂಡಿರುತ್ತಾರೆ. ಹೀಗೆ ಬಾಕಿ ಬೆಳೆಯುತ್ತದೆ. ನಾನು ಮೊದಲ ವರ್ಷ ಪೂರ್ತಿ ಈ ಬಾಕಿಯನ್ನೇ ತೀರಿಸಿದೆ. ಕೊಂಡ ಬೆಲೆಯ ಹೆಚ್ಚುಕಡಿಮೆ ನಾಲ್ಕನೇ ಒಂದು ಭಾಗ ಅದಕ್ಕೇ ಹೋಯಿತು. ಇದಕ್ಕೆ ಮೊದಲೇ ದುಡ್ಡು ತೆಗೆದಿಟ್ಟುಕೊಳ್ಳದೆ ಇಂಥ ಕಾರು ಕೊಳ್ಳಬೇಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ನೋಡಲು ಹೋಗುವಾಗ ಎಂಜಿನ್ ತಣ್ಣಗಿರಲಿ. ಬಂದವರಿಗೆ ಅಂತ ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬರುತ್ತೇನೆ ಅನ್ನಿ. ತಣ್ಣಗಿರುವ ಎಂಜಿನ್ ಸ್ಟಾರ್ಟ್ ಆದ ಮೊದಲ ಹತ್ತು ಸೆಕೆಂಡಿನಲ್ಲಿ ಎಷ್ಟೋ ಹೇಳಿಬಿಡುತ್ತದೆ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಬಿಳಿ ಹೊಗೆ ಬಂದು ನಿಲ್ಲದೆ ಹೋದರೆ, ಸಿಹಿ ವಾಸನೆಯೂ ಇದ್ದರೆ, ಕೂಲೆಂಟ್, ಅಂದರೆ ಎಂಜಿನ್ ತಣ್ಣಗಿಡುವ ದ್ರವ, ಒಳಗೆ ಸೋರುತ್ತಿದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ, ಅದನ್ನೂ ಓದಿ. 2319 ಅಂತ ಇದ್ದರೆ 2019ರ 23ನೇ ವಾರದಲ್ಲಿ ಮಾಡಿದ ಟೈರ್. ನಾಲ್ಕು ಟೈರಿಗೆ ನಾಲ್ಕು ಕಂಪನಿ, ನಾಲ್ಕು ವರ್ಷ ಅಂತಿದ್ದರೆ, ಕಾಣದ ಕಡೆಯೂ ಹಾಗೇ ಮಾಡಿದ್ದಾರೆ ಅಂದುಕೊಳ್ಳಿ. ನಾಲ್ಕೂ ಚಕ್ರ ಎಳೆಯುವ ಕಾರಿನಲ್ಲಂತೂ ಇದು ಬರೀ ಟೈರಿನ ಮಾತಲ್ಲ. ಒಂದು ಟೈರು ಸವೆದು ಇನ್ನೊಂದು ಹೊಸದಿದ್ದರೆ ಎರಡರ ಸುತ್ತಳತೆ ಬೇರೆ, ಒಂದು ಜಾಸ್ತಿ ಸುತ್ತಬೇಕು. ಆ ವ್ಯತ್ಯಾಸವನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಬಲ ಹಂಚುವ ಮಧ್ಯದ ಡಿಫರೆನ್ಷಿಯಲ್ ಅಥವಾ ಕ್ಲಚ್ ದಿನವಿಡೀ ನುಂಗುತ್ತಾ ಬಿಸಿಯಾಗಿ ಸವೆಯುತ್ತದೆ. ಅದಕ್ಕೇ ನಾಲ್ಕೂ ಒಟ್ಟಿಗೆ ಬದಲಾಯಿಸುವುದು. ಜೇಬಿಗೆ ಭಾರ, ನಿಜ. ಡಿಫರೆನ್ಷಿಯಲ್ ಅದಕ್ಕಿಂತ ಭಾರ.

ನನ್ನ ಕಾರಿನ ಮೊದಲ ದೊಡ್ಡ ಬಾಕಿ ಟೈಮಿಂಗ್ ಬೆಲ್ಟ್. ಎಂಜಿನ್ನಿನ ಪಿಸ್ಟನ್, ವಾಲ್ವುಗಳು ಒಂದೇ ತಾಳಕ್ಕೆ ನಡೆಯುವ ಹಾಗೆ ನೋಡಿಕೊಳ್ಳುವ ಹಲ್ಲಿನ ರಬ್ಬರ್ ಪಟ್ಟಿ ಅದು. ನನ್ನ ಎಂಜಿನ್‌ಗೆ 1,20,000 ಕಿಲೋಮೀಟರ್ ಅಥವಾ 8 ವರ್ಷ, ಯಾವುದು ಮೊದಲು ಬರುತ್ತದೋ ಅದು, ಅಂತ ಪುಸ್ತಕದಲ್ಲಿದೆ. ಮಾರಿದವರು ಇನ್ನೂ 16,000 ಇದೆ, ಆರಾಮಾಗಿ ಓಡಿಸಿ ಅಂದಿದ್ದರು. ಕಿಲೋಮೀಟರ್ ಲೆಕ್ಕ ಸರಿ. ಆದರೆ ಕಾರಿಗೆ 9 ವರ್ಷ ಆಗಿತ್ತಲ್ಲ, ಅದನ್ನು ಯಾರೂ ಎಣಿಸಿರಲಿಲ್ಲ. ರಬ್ಬರು ಸುಮ್ನೆ ನಿಂತ ಕಾರಿನಲ್ಲೂ ಮುದಿಯಾಗುತ್ತದೆ. ಕಾರು ಮನೆಗೆ ತಂದ ಎರಡನೇ ವಾರವೇ ಬಿಚ್ಚಿಸಿದೆ. ಮೆಕ್ಯಾನಿಕ್ ಆ ಬೆಲ್ಟನ್ನು ನನ್ನ ಕೈಗೆ ಕೊಟ್ಟು, ಹಿಂದಕ್ಕೆ ಬಗ್ಗಿಸಿ ನೋಡಿ ಅಂದರು. ಬಗ್ಗಿಸಿದೆ. ಹಲ್ಲುಗಳ ಬುಡದಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕು, ಒಂದಲ್ಲ, ಸಾಲಾಗಿ. ಪಕ್ಕದಲ್ಲಿದ್ದ ವಾಟರ್ ಪಂಪ್ ಕೆಳಗೆ ಕೂಲೆಂಟ್ ಒಣಗಿ ಗೆರೆ ಬಿದ್ದಿತ್ತು. ಆ ಬೆಲ್ಟ್ ಹರಿದಿದ್ದರೆ ವಾಲ್ವುಗಳು ನಿಂತಲ್ಲೇ ನಿಲ್ಲುತ್ತಿದ್ದವು, ಪಿಸ್ಟನ್ ಮೇಲೆ ಬಂದು ಅವಕ್ಕೆ ಹೊಡೆಯುತ್ತಿತ್ತು, ಅಲ್ಲಿಗೆ ಎಂಜಿನ್ ಕಥೆ ಮುಗಿಯುತ್ತಿತ್ತು. ಬೆಲ್ಟ್ ಜೊತೆ ಪಂಪು, ಟೆನ್ಷನರ್, ಪುಲ್ಲಿಗಳು ಎಲ್ಲ ಹಾಕಿಸಿದೆ. ಹೇಗೂ ಅಷ್ಟು ದೂರ ಬಿಚ್ಚಿದ ಮೇಲೆ ಹಳೇ ಪಂಪು ಬಿಡುವುದು ಉಳಿತಾಯ ಅಲ್ಲ, ಕೂಲಿಯನ್ನು ಎರಡು ಸಲ ಕೊಡುವುದು.

ಆಮೇಲೆ ಟರ್ಬೊ. ಎಂಜಿನ್ನಿಂದ ಹೊರಬರುವ ಹೊಗೆಯ ರಭಸಕ್ಕೆ ತಿರುಗುವ ಸಣ್ಣ ಚಕ್ರ ಅದು, ನಿಮಿಷಕ್ಕೆ ಒಂದು ಲಕ್ಷ ಸುತ್ತು ದಾಟುತ್ತದೆ. ಅಷ್ಟು ವೇಗದಲ್ಲಿ ಅದನ್ನು ಕಾಯುವುದು ಆಯಿಲಿನ ತೆಳು ಪದರ ಒಂದೇ. ಅದಕ್ಕೇ ನಾನು ಪುಸ್ತಕದಲ್ಲಿ 15,000 ಅಂತಿದ್ದರೂ 8,000 ಕಿಲೋಮೀಟರಿಗೇ ಆಯಿಲ್, ಫಿಲ್ಟರ್ ಬದಲಾಯಿಸುತ್ತೇನೆ. ಈ ಕಾರಿಗೆ ನಾನು ಮಾಡುವ ಕೆಲಸಗಳಲ್ಲೆಲ್ಲ ಅಗ್ಗದ್ದು ಇದು, ಲಾಭದ್ದೂ ಇದೇ. ಎಂಜಿನ್ ಬಿಸಿಯಾಗುವ ತನಕ ಜೋರಾಗಿ ತುಳಿಯುವುದಿಲ್ಲ. ನೀರಿನ ಮುಳ್ಳು ಮಧ್ಯಕ್ಕೆ ಬಂದರೂ ಆಯಿಲ್ ಇನ್ನೂ ತಣ್ಣಗಿರುತ್ತದೆ, ಇನ್ನು ಕೆಲವು ಕಿಲೋಮೀಟರ್ ತಾಳ್ಮೆ ಬೇಕು. ಮನೆ ಹತ್ತಿರ ಬಂದಾಗ ಕೊನೆಯ ಒಂದೆರಡು ಕಿಲೋಮೀಟರ್ ನಿಧಾನ, ಕಾದ ಟರ್ಬೊದಲ್ಲಿ ಆಯಿಲ್ ನಿಂತು ಸುಟ್ಟು ಕರಿಗಟ್ಟಬಾರದು. ಪೆಟ್ರೋಲು ಕೂಡ ಪುಸ್ತಕ ಹೇಳಿದ ಆಕ್ಟೇನ್‌ನದ್ದೇ. ಕಡಿಮೆಯದ್ದು ಹಾಕಿದರೆ ಎಂಜಿನ್ ತನ್ನನ್ನು ಕಾಪಾಡಿಕೊಳ್ಳಲು ಇಗ್ನಿಷನ್ ಹಿಂದಕ್ಕೆ ತಳ್ಳುತ್ತದೆ, ಅಂದರೆ ಕಿಡಿಯನ್ನು ಸ್ವಲ್ಪ ತಡವಾಗಿ ಹಾರಿಸುತ್ತದೆ, ಪಿಕಪ್ ಹೋಗುತ್ತದೆ, ಉಳಿಸಿದ ದುಡ್ಡು ಮೈಲೇಜಿನಲ್ಲಿ ಹೋಗುತ್ತದೆ.

ಕಂಪ್ಯೂಟರ್ ಟ್ಯೂನಿಂಗ್ ಮಾಡಿಸಿ ಇನ್ನಷ್ಟು ಬಲ ತೆಗೆದ ಕಾರು ಮಾರಾಟಕ್ಕೆ ಬಂದರೆ ನಾನು ದೂರ ಇರುತ್ತೇನೆ. ಟ್ಯೂನಿಂಗ್ ತಪ್ಪು ಅಂತಲ್ಲ. ಅದರ ಜೊತೆ ಕ್ಲಚ್, ಬ್ರೇಕ್, ಕೂಲಿಂಗ್ ಎಲ್ಲ ಸರಿಮಾಡಿಸಿದ ಬಿಲ್ ಅಪರೂಪಕ್ಕೆ ಮಾತ್ರ ಸಿಗುತ್ತದೆ.

ಇವೆಲ್ಲ ಸ್ಪೋರ್ಟಿ ಕಾರಿನ ಬಾಕಿ. ವ್ಯಾಗನ್ನಿಗೆ ಅದರದ್ದೇ ಬೇರೆ ಕೆಲಸ ಇದೆ, ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಹಿಂಬಾಗಿಲು! ಮೂರನೇ ವರ್ಷ ಹಿಂದಿನ ವೈಪರ್ ನಿಂತಿತು. ಮೋಟರ್ ಹೋಗಿದೆ ಅಂತ ಒಂದು ಗ್ಯಾರೇಜಿನಲ್ಲಿ ಮೋಟರ್ ಬದಲಾಯಿಸಿದರು, ಎರಡು ದಿನ ಓಡಿ ಮತ್ತೆ ನಿಂತಿತು. ಆಮೇಲೆ ನಂಬರ್ ಪ್ಲೇಟ್ ದೀಪ ಹೋಯಿತು. ಒಂದು ದಿನ ಬಾಗಿಲು ತೆಗೆಯಲೇ ಬರಲಿಲ್ಲ. ಮೂರಕ್ಕೂ ಏನೋ ಸಂಬಂಧ ಇರಬೇಕು ಅಂತ ಒಂದು ಭಾನುವಾರ ನಾನೇ ಕೂತೆ. ಬಾಗಿಲಿನ ಮೇಲೆ, ಛಾವಣಿ ಸೇರುವ ಕಡೆ, ಸುಕ್ಕುಸುಕ್ಕಾದ ಒಂದು ರಬ್ಬರ್ ಕೊಳವೆ ಇರುತ್ತದೆ, ವೈರುಗಳು ಅದರೊಳಗೆ ಹೋಗುತ್ತವೆ. ಬಾಗಿಲು ತೆಗೆದಾಗಲೆಲ್ಲ ಆ ವೈರು ಬಾಗುತ್ತದೆ, ಹಾಕಿದಾಗ ನೇರವಾಗುತ್ತದೆ. ಹನ್ನೆರಡು ವರ್ಷದಲ್ಲಿ ಎಷ್ಟು ಸಾವಿರ ಸಲವೋ. ರಬ್ಬರನ್ನು ಹಿಂದಕ್ಕೆ ಎಳೆದೆ. ಒಳಗೆ ಕಂದು ಬಣ್ಣದ ವೈರು ಪೂರ್ತಿ ತುಂಡು, ಕೆಂಪು ವೈರಿನಲ್ಲಿ ಎರಡೇ ಎರಡು ತಾಮ್ರದ ಎಳೆ ಉಳಿದಿತ್ತು, ಇನ್ನೆರಡರ ಪ್ಲಾಸ್ಟಿಕ್ ಒಡೆದು ತಾಮ್ರ ಹಸಿರುಗಟ್ಟಿತ್ತು. ಹೊಸ ವೈರು ಬೆಸುಗೆ ಹಾಕಿ, ಸ್ವಲ್ಪ ಉದ್ದ ಬಿಟ್ಟು, ಮೇಲೆ ಸ್ಲೀವ್ ತೊಡಿಸಿದೆ. ಸ್ವಿಚ್ ಒತ್ತಿದ ಕೂಡಲೇ ವೈಪರ್ ಗಾಜಿನ ಮೇಲೆ ಒಂದು ಸಲ ಆಚೆ ಹೋಗಿ ಈಚೆ ಬಂತು. ಅಷ್ಟು ಖುಷಿ ನನಗೆ ಹೆದ್ದಾರಿಯಲ್ಲಿ ಓಡಿಸುವಾಗಲೂ ಆಗಿಲ್ಲ.

ಆ ಬಾಗಿಲನ್ನು ಹಿಡಿದಿರುವ ಗ್ಯಾಸ್ ಕಂಬಿಗಳನ್ನೂ ನೋಡಿಕೊಳ್ಳಿ. ಅವು ಒಂದೇ ಸಲ ಸೋಲುವುದಿಲ್ಲ. ಮೊದಲು ಚಳಿಯಲ್ಲಿ ಬಾಗಿಲು ಮೆಲ್ಲಗೆ ಇಳಿಯುತ್ತದೆ, ಆಮೇಲೆ ಯಾವತ್ತೋ ತಲೆ ಮೇಲೆ ಬೀಳುತ್ತದೆ. ಹಿಂದಿನ ಗಾಜಿಗೆ ನೀರು ಒಯ್ಯುವ ಸಣ್ಣ ಪೈಪು ಬಿಟ್ಟುಕೊಂಡರೆ ನೀರು ಛಾವಣಿಯ ಬಟ್ಟೆಯೊಳಗೆ ಇಳಿದು ಸ್ಟೆಪ್ನಿ ಇಡುವ ಗುಂಡಿಯಲ್ಲಿ ನಿಲ್ಲುತ್ತದೆ. ತಿಂಗಳಿಗೊಂದು ಸಲ ಆ ಗುಂಡಿಯ ಮುಚ್ಚಳ ಎತ್ತಿ ಕೈಯಾಡಿಸುವುದು ನನಗೆ ಅಭ್ಯಾಸ ಆಗಿದೆ.

ಗ್ಲೋವ್ ಬಾಕ್ಸಿನಲ್ಲಿ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಏನು ಮಾಡಿಸಿದರೂ ತಾರೀಖು, ಕಿಲೋಮೀಟರ್ ಬರೆಯುತ್ತೇನೆ. ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ, ಯಾಕೆಂದರೆ ಅದು ಗಾಳಿಯ ತೇವ ಹೀರುತ್ತದೆ, ಬಿಸಿಯಾದಾಗ ಆ ನೀರು ಆವಿಯಾಗಿ ಪೆಡಲ್ ಮೆತ್ತಗಾಗುತ್ತದೆ. ಸಸ್ಪೆನ್ಷನ್ನಿನ ಕೆಳಗಿನ ರಬ್ಬರ್ ಬುಷ್‌ಗಳು 1,31,000ದಲ್ಲಿ. ನಾಲ್ಕು ಶಾಕ್ ಅಬ್ಸಾರ್ಬರ್ 1,48,000ದಲ್ಲಿ, ಅವು ಹಾಕಿದ ದಿನ ಕಾರು ಹತ್ತು ವರ್ಷ ಚಿಕ್ಕದಾದ ಹಾಗಿತ್ತು. ಸುಮ್ಮನೆ ಕೇಳಿಸಿದ ಶಬ್ದವನ್ನೂ ಬರೆಯುತ್ತೇನೆ, ಯಾವ ಕಡೆಯಿಂದ, ಯಾವ ವೇಗದಲ್ಲಿ, ತಣ್ಣಗಿದ್ದಾಗಲೋ ಬಿಸಿಯಾದಾಗಲೋ. ಶಬ್ದ ಸಣ್ಣದಿದ್ದಾಗ ಹಿಡಿದರೆ ಖರ್ಚೂ ಸಣ್ಣದೇ.

ಕಾರು ಬಂದಾಗ ಮಗಳಿಗೆ ಹತ್ತು ವರ್ಷ. ಅವಳ ಸೈಕಲ್ಲು ಚಕ್ರ ಬಿಚ್ಚದೆ ಇದರ ಹಿಂದೆ ಹಿಡಿಸುತ್ತಿತ್ತು. ಅಪ್ಪನ ಮರದ ಮೇಜು ಇದರಲ್ಲೇ ಬಂತು, ಕಾಲುಗಳು ಮುಂದಿನ ಸೀಟಿನ ತನಕ ಚಾಚಿಕೊಂಡಿದ್ದವು. ಈಗ ಅವಳಿಗೆ ಹದಿನೆಂಟು, ಇದೇ ಕಾರಿನಲ್ಲಿ ಓಡಿಸುವುದನ್ನು ಕಲಿಯುತ್ತಿದ್ದಾಳೆ. ಹೋದ ವಾರ ಅವಳು ಓಡಿಸುತ್ತಿದ್ದಳು, ನಾನು ಪಕ್ಕದಲ್ಲಿದ್ದೆ. ಒಂದು ಹಂಪ್ ದಾಟಿದ ಮೇಲೆ, "ಅಪ್ಪಾ, ಎಡಗಡೆ ಹಿಂದೆ ಏನೋ ಟಕ್ ಅಂತು, ಕೇಳಿಸ್ತಾ?" ಅಂದಳು. ನನಗೆ ಕೇಳಿಸಿರಲಿಲ್ಲ. ಇನ್ನೊಂದು ಹಂಪ್ ಬಂತು. ಹೌದು, ಟಕ್ ಅಂತು. ಗಾಡಿ ನಿಲ್ಲಿಸಿ, ಹಿಂದಿನ ಮೂಲೆ ಹಿಡಿದು ಒತ್ತಿ ನೋಡಿದೆವು. ತಿರುವಿನಲ್ಲಿ ಕಾರು ವಾಲದಂತೆ ಹಿಡಿಯುವ ಸರಳಿನ ಕೊಂಡಿ, ಸ್ಟೆಬಿಲೈಸರ್ ಲಿಂಕ್, ಸಡಿಲಾಗಿತ್ತು, ಸಣ್ಣ ಭಾಗ, ಅರ್ಧ ಗಂಟೆಯ ಕೆಲಸ.

ನಾನು ಎದ್ದು ಕೈ ಒರೆಸಿಕೊಳ್ಳುವಷ್ಟರಲ್ಲಿ ಅವಳು ನೋಟ್‌ಬುಕ್ ತೆಗೆದು ಬರೆಯುತ್ತಿದ್ದಳು. ಹಿಂದೆ ಎಡಗಡೆ, ಹಂಪ್ ಮೇಲೆ, ನಿಧಾನ ಇದ್ದಾಗ. ಬರೆದು, ಹಿಂದಿನ ಹಾಳೆಗಳನ್ನು ತಿರುವಿ, ಬೆಲ್ಟ್ ಹಾಕಿಸಿದ್ದು ಯಾವಾಗ ಅಂತ ಕೇಳಿದಳು. ಎಂಟು ವರ್ಷ ತುಂಬಿದೆ. ಹೊಸ ಬೆಲ್ಟು, ಪಂಪು ಇರುವ ಡಬ್ಬ ಅಪ್ಪನ ಮೇಜಿನ ಮೇಲಿದೆ. ಮುಂದಿನ ಶನಿವಾರ ಕೆಲಸ ಇಟ್ಟುಕೊಂಡಿದ್ದೇವೆ, ಅವಳೂ ಬರುತ್ತಾಳೆ. ಹಳೇ ಬೆಲ್ಟನ್ನು ಬಗ್ಗಿಸಿ ನೋಡಬೇಕಂತೆ.

ನಮಸ್ಕಾರ.