ಟೋಕಿಯೋ ರೂಮಿನಲ್ಲಿ ನಮ್ಮನೆ ಕೆಟಲ್

ನಮಸ್ಕಾರ. ಟೋಕಿಯೋದಲ್ಲಿ ಎರಡನೇ ದಿನ, ಬೆಳಗ್ಗೆ ಆರು ಗಂಟೆ. ರೂಮು ಇಷ್ಟೇ. ಎರಡು ಸೂಟ್‌ಕೇಸ್ ಬಿಚ್ಚಿದರೆ ಕಾಲಿಡಲು ಜಾಗ ಇಲ್ಲ. ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು ಕೂತಿರುವವರು ಅಮ್ಮ. ಬಿಸಿನೀರಿಗೆ ಕಾಯುತ್ತಿದ್ದಾರೆ.

ಆ ಸ್ಟೀಲ್ ಕೆಟಲ್ ಮಲ್ಲೇಶ್ವರದ ನಮ್ಮನೆಯದು. ಹೋಟೆಲ್‌ನವರದ್ದೂ ಒಂದಿದೆ, ಮೂಲೆಯಲ್ಲಿ ಬಿಳಿ ಬಣ್ಣದ್ದು ನೋಡಿ. ಅಮ್ಮನಿಗೆ ಅದು ಬೇಡ. "ಅದರಲ್ಲಿ ಯಾರ್ಯಾರು ಏನೇನು ಕಾಯಿಸಿದ್ದಾರೋ!"

ಸ್ವಿಚ್ ಹಾಕಿ ಹತ್ತು ನಿಮಿಷ ಆಯಿತು. ವಿಡಿಯೋದ ಈ ಭಾಗ ಫಾಸ್ಟ್ ಮಾಡಿದ್ದೇನೆ, ಆದರೂ ಏನೂ ಆಗುತ್ತಿಲ್ಲ ಅಲ್ವಾ? ಒಂದೂವರೆ ಲೀಟರ್ ನೀರು, ಇನ್ನೂ ಉಗುರುಬೆಚ್ಚಗೆ. ಮೊದಲು ಕೆಟಲ್ ಕೆಟ್ಟಿದೆ ಅಂದುಕೊಂಡೆ. ಕೆಟ್ಟಿಲ್ಲ. ನಮ್ಮಲ್ಲಿ 230 ವೋಲ್ಟ್, ಜಪಾನಿನಲ್ಲಿ ಬರೀ 100. ವೋಲ್ಟೇಜ್ ಅರ್ಧಕ್ಕಿಳಿದರೆ ಬಿಸಿ ಕಾಲು ಭಾಗಕ್ಕೆ ಇಳಿಯುತ್ತದೆ. ನಮ್ಮ 1500 ವ್ಯಾಟ್ ಕೆಟಲ್ ಇಲ್ಲಿ 300 ವ್ಯಾಟೂ ಎಳೆಯುವುದಿಲ್ಲ. ಕುದಿಯಲು ಅರ್ಧ ಗಂಟೆಗೂ ಜಾಸ್ತಿ ಬೇಕು. ಅಮ್ಮ ಹೇಳಿದ್ದು ಕೇಳಿಸಿತಾ? "ಲೋ, ಇದಕ್ಕಿಂತ ನಮ್ಮಜ್ಜಿ ಸೌದೆ ಒಲೆನೇ ವಾಸಿ."

ನಮ್ಮ ಪ್ಲಗ್ಗನ್ನು ಇಲ್ಲಿನ ಸಾಕೆಟ್‌ಗೆ ಹಾಕಲು ತಂದ ಅಡಾಪ್ಟರ್ ಇದು. ಏರ್‌ಪೋರ್ಟ್‌ನ ಒಂದು ಅಂಗಡಿಯಲ್ಲಿ 1,100 ರೂಪಾಯಿ ಕೊಟ್ಟೆ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಬೀದಿ ಎಸ್‌.ಪಿ. ರೋಡ್‌ಗೆ ಹೋಗಿದ್ದರೆ 150ಕ್ಕೆ ಸಿಗುತ್ತಿತ್ತು. ಶನಿವಾರ ಹೋಗೋಣ, ಭಾನುವಾರ ಹೋಗೋಣ ಅಂತ ಸೋಮಾರಿತನ ಮಾಡಿದೆ. ಅಷ್ಟು ದುಡ್ಡು ತಗೊಂಡು ಇದು ಮಾಡುವುದು ಪಿನ್ನಿನ ಆಕಾರ ಬದಲಾಯಿಸುವ ಕೆಲಸ ಮಾತ್ರ. ವೋಲ್ಟೇಜ್ ತಂಟೆಗೆ ಹೋಗುವುದಿಲ್ಲ. ಶುದ್ಧ ಮೋಸ. ಅಲ್ಲ, ಎರಡು ಯುಎಸ್‌ಬಿ ತೂತು ಇವೆ, ರಾತ್ರಿ ಇಬ್ಬರ ಫೋನೂ ಚಾರ್ಜ್ ಆದವು. ಹೋಗಲಿ, ಪರವಾಗಿಲ್ಲ. ಆದರೂ 1,100 ಜಾಸ್ತಿನೇ.

ಹತ್ತಿರದಿಂದ ತೋರಿಸುತ್ತೇನೆ. ಈ ಕಡೆ ನಮ್ಮ ಮೂರು ಪಿನ್ನು ಒಳಗೆ ಹೋಗುತ್ತದೆ. ಆ ಕಡೆ ಎರಡು ಚಪ್ಪಟೆ ಪಿನ್ನು ಹೊರಗೆ ಬರುತ್ತದೆ. ನಮ್ಮ ದಪ್ಪ ಪಿನ್ನು, ಶಾಕ್ ತಪ್ಪಿಸುವ ಅರ್ಥಿಂಗ್‌ದು, ಎಲ್ಲಿ ಹೋಯಿತು? ಎಲ್ಲೂ ಇಲ್ಲ. ಸ್ಟೀಲ್ ಮೈಯ ಕೆಟಲ್, ಒದ್ದೆ ಕೈ, ಅರ್ಥಿಂಗ್ ಇಲ್ಲ. ಇದು ಹೊಳೆದ ಕೂಡಲೇ ಪ್ಲಗ್ ಕಿತ್ತೆ. ಕ್ಯಾಮೆರಾ ಅಲ್ಲಾಡಿದ್ದು ಅದಕ್ಕೇ.

ಫೋನ್, ಲ್ಯಾಪ್‌ಟಾಪ್‌ಗೆ ಈ ಗೋಳಿಲ್ಲ. ಚಾರ್ಜರ್ ಮೇಲೆ ಇರುವೆ ಸಾಲಿನಂಥ ಅಕ್ಷರ ಇದೆ: ಇನ್‌ಪುಟ್ 100–240 ವೋಲ್ಟ್, 50/60 ಹರ್ಟ್ಸ್. ಹಾಗಿದ್ದರೆ ಧೈರ್ಯವಾಗಿ ಹಾಕಿ. ಹರ್ಟ್ಸ್ ಅಂದರೆ ಕರೆಂಟು ಸೆಕೆಂಡಿಗೆ ಎಷ್ಟು ಸಲ ಹಿಂದೆಮುಂದೆ ಆಗುತ್ತದೆ ಅನ್ನುವ ಲೆಕ್ಕ. ಈ 50/60ಕ್ಕೆ ಒಂದು ಕಥೆ ಇದೆ. 1890ರ ದಶಕದಲ್ಲಿ ಟೋಕಿಯೋದವರು ಜರ್ಮನಿಯಿಂದ 50 ಹರ್ಟ್ಸ್ ಜನರೇಟರ್ ತರಿಸಿದರು, ಒಸಾಕಾದವರು ಅಮೆರಿಕದಿಂದ 60ರದ್ದು. ಇವತ್ತಿಗೂ ಪೂರ್ವದಲ್ಲಿ 50, ಪಶ್ಚಿಮದಲ್ಲಿ 60. 2011ರ ಸುನಾಮಿ ಆದಾಗ ಪಶ್ಚಿಮದ ಕರೆಂಟನ್ನು ಪೂರ್ವಕ್ಕೆ ಬೇಕಾದಷ್ಟು ಕಳಿಸುವುದಕ್ಕೇ ಆಗಲಿಲ್ಲ. ಒಂದೇ ದೇಶ ಕಣ್ರೀ! ಆಗ... ಸರಿ, ಅಮ್ಮ ಬಾಗಿಲ ಹತ್ತಿರ ನಿಂತುಬಿಟ್ಟರು, ಶಾಟ್ ಮುಗಿಯಿತು.

ಇದು ಅಕಿಹಬಾರಾ, ಟೋಕಿಯೋದ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಜಾಗ. ಅಮ್ಮನ ಕಣ್ಣು ರೈಸ್ ಕುಕ್ಕರ್ ಮೇಲೆ. ಇಲ್ಲಿ ಉಲ್ಟಾ ಅಪಾಯ. 100 ವೋಲ್ಟಿನ ಕುಕ್ಕರನ್ನು ನಮ್ಮನೆ ಪ್ಲಗ್ಗಿಗೆ ಹಾಕಿದರೆ ಅನ್ನಕ್ಕಿಂತ ಮೊದಲು ಅದೇ ಬೇಯುತ್ತದೆ. ಹೊರದೇಶದವರಿಗೆ ಅಂತ 220 ವೋಲ್ಟಿನ ಮಾಡೆಲ್ ಬೇರೆ ಇಟ್ಟಿದ್ದಾರೆ. ಬೆಲೆ ನೋಡಿ ಅಮ್ಮನೇ ಹೊರಟರು.

ವಿಮಾನದಲ್ಲಿ ಪವರ್ ಬ್ಯಾಂಕ್ ಒಯ್ಯಬಹುದಾ ಅಂತ ನಿಮ್ಮಲ್ಲಿ ಕೆಲವರು ಕೇಳಿದ್ದಿರಿ. ನನ್ನದು 20,000 ಎಂಎಎಚ್, ಅಂದರೆ 74 ವ್ಯಾಟ್-ಅವರ್. ವಿಮಾನದವರ 100 ವ್ಯಾಟ್-ಅವರ್ ಮಿತಿಯ ಒಳಗಿದೆ, ತೊಂದರೆ ಇಲ್ಲ. ಚೆಕ್-ಇನ್ ಬ್ಯಾಗಿಗೆ ಮಾತ್ರ ಹಾಕಬೇಡಿ. 2025ರ ಜುಲೈಯಿಂದ ಜಪಾನಿನ ವಿಮಾನಗಳಲ್ಲಿ ತಲೆ ಮೇಲಿನ ಗೂಡಿನಲ್ಲೂ ಇಡಬೇಡಿ ಅನ್ನುತ್ತಾರೆ. ಹೊಗೆ ಬಂದರೆ ಕಣ್ಣಿಗೆ ಕಾಣಬೇಕಲ್ಲ.

ರಾತ್ರಿ, ಮತ್ತೆ ರೂಮು. ಹೋಟೆಲ್ ಕೆಟಲನ್ನು ಅಮ್ಮನ ಎದುರಿಗೇ ಮೂರು ಸಲ ತೊಳೆದೆ. ಐದಾರು ನಿಮಿಷದಲ್ಲಿ ನೀರು ಕುದಿಯಿತು. ಕುಡಿದು, "ಪ್ಲಾಸ್ಟಿಕ್ ವಾಸನೆ" ಅಂದರು. ನಮ್ಮ ಸ್ಟೀಲ್ ಕೆಟಲ್ ಒಳಗೆ ಈಗ ಚಟ್ನಿಪುಡಿ ಪ್ಯಾಕೆಟ್ ತುರುಕಿದ್ದಾರೆ.